ಮರದ ಮೇಲಿನ ಆಯ್ದಕ್ಕಿ

ಜ್ಯೇಷ್ಠ ಮಾಸದಲ್ಲಿ ಮುಂಗಾರು ಹಿಡಿದು ನಾಲ್ಕಾರು ದಿನಗಳಾದ ಮೇಲೆ ಮಲೆನಾಡಿನ ಹಳೆಯ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಮಾವು, ಹಲಸು, ಮತ್ತಿ ಮರಗಳ ಒರಟು ಕೊಂಬೆಗಳಿಂದ ಬಿಳಿಯ ಹೂವಿನ ದಂಡೆಗಳು ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಒಂದೊಂದು ದಂಡೆಯೂ ಮೊಳದುದ್ದ. ಒತ್ತೊತ್ತಾಗಿ ನೂರಕ್ಕೂ ಮಿಕ್ಕಿದ ಪುಟ್ಟ ಹೂಗಳು. ಬಿಳಿಯ ಎಸಳಿನ ಮೇಲೆ ನಸುಗೆಂಪು ನೇರಳೆಯ ಚುಕ್ಕೆಗಳು. ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ಸೀತಾಳೆ ದಂಡೆ. ವನವಾಸದಲ್ಲಿದ್ದ ಸೀತಾಮಾತೆ ಮುಡಿದ ಹೂವೆಂಬುದು ಜನರ ನಂಬಿಕೆ. ಮಲೆನಾಡಿನ ಹೆಣ್ಣುಮಕ್ಕಳು ಮಳೆಗಾಲದ ಮೊದಲಲ್ಲಿ ಇದನ್ನು ಮುಡಿಗೇರಿಸಿಕೊಳ್ಳುವ ರೂಢಿ ಬಹುಕಾಲದಿಂದ ನಡೆದುಬಂದಿದೆ.

ಈ ಹೂವಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂಬ ಆಸೆ ನನ್ನಲ್ಲಿ ಬಹಳ ವರ್ಷಗಳಿಂದ ಇದೆ. ನಾನು ಸಸ್ಯಶಾಸ್ತ್ರ ಬಲ್ಲವನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಸಾಹಿತ್ಯ, ಶರಣರ ವಚನಗಳನ್ನು ಓದಿಕೊಂಡು ಬೆಳೆದವನು. ಆದರೆ ಈ ಗಿಡ ನನಗೆ ಒಂದು ಪಾಠ ಹೇಳಿದೆ. ಆ ಪಾಠ ಒಂದು ತಪ್ಪಿನಿಂದ ಆರಂಭವಾಯಿತಾದ್ದರಿಂದ ಆ ತಪ್ಪನ್ನೇ ಮೊದಲು ನಿವೇದಿಸಿಕೊಳ್ಳುತ್ತೇನೆ.

1973ನೆಯ ಇಸವಿ. ನನಗೆ ಆಗ ಹದಿಮೂರು ವಯಸ್ಸು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಸೀಮೆಯಲ್ಲಿದ್ದ ಒಂದು ಚಿಕ್ಕ ಶಾಖಾಮಠದಲ್ಲಿ ನಾವು ಏಳೆಂಟು ಮಂದಿ ವಟುಗಳು ಓದುತ್ತಿದ್ದೆವು. ಮಠದ ಹಿತ್ತಿಲಲ್ಲಿ ಒಂದು ದೊಡ್ಡ ಮಾವಿನ ಮರ. ಅದರ ಕೊಂಬೆಗಳಲ್ಲಿ ಬಂದಳಿಕೆ ಹಬ್ಬಿ ಕಾಯಿ ಕಡಿಮೆಯಾಗಿತ್ತು. ಮಠದ ಪಾರುಪತ್ಯ ನೋಡಿಕೊಳ್ಳುತ್ತಿದ್ದ ಹಿರಿಯರು ಒಂದು ದಿನ ನನ್ನನ್ನು ಕರೆದು, ಮರ ಹತ್ತಿ ಬಂದಳಿಕೆಯನ್ನೆಲ್ಲ ಕಿತ್ತುಹಾಕೆಂದು ಹೇಳಿದರು. ಬಂದಳಿಕೆ ಯಾವುದೆಂಬುದನ್ನು ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಮರದ ಮೇಲೆ ಮರದ್ದಲ್ಲದ ಹಸಿರು ಏನೆಲ್ಲ ಕಂಡಿತೋ ಅದನ್ನೆಲ್ಲ ಕಿತ್ತೆ. ಕವಲೊಡೆದ ಕಡೆ ತೊಗಟೆಗೆ ಬಲವಾಗಿ ಅಂಟಿಕೊಂಡಿದ್ದ ಪಟ್ಟೆಯಂತಹ ಎಲೆಗಳ ಹಿಂಡಿಲುಗಳನ್ನು ಕತ್ತಿಯಿಂದ ಮೀಟಿ ಕೆಡವಿದೆ. ಕೆಳಗೆ ರಾಶಿ ಬಿತ್ತು. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತ ಇಳಿದುಬಂದೆ.

ದಿನವೂ ಪೂಜೆಗೆ ಹೂ ತರುವ ಕಾಯಕದ ಅಜ್ಜಿಯೊಬ್ಬರು ಅದೇ ವೇಳೆಗೆ ಹಿತ್ತಿಲಿಗೆ ಬಂದರು. ರಾಶಿಯನ್ನು ನೋಡಿ ಬುಟ್ಟಿಯನ್ನು ಕೆಳಗಿಟ್ಟು ಕುಳಿತುಬಿಟ್ಟರು. ಮಠದ ಮರಿಗಳನ್ನು ಮೊಮ್ಮಕ್ಕಳಂತೆ ಕಂಡರೂ ಬಹುವಚನ ಬಿಟ್ಟು ಮಾತನಾಡದ ಜೀವ ಅದು.

"ಇದೇನು ಮಾಡಿದ್ರಿ ಮರಿದೇವರೇ? ಇದು ಬಂದಳಿಕೆ ಅಲ್ಲ, ಸೀತಾಳೆ. ಇದು ಮರಾನ ತಿನ್ನೂದಿಲ್ಲ. ಮರದ ಮೇಲೆ ಕೂತ್ಕಂಡು ಮಳೆ ಕುಡೀತದೆ, ಅಷ್ಟೇ."

ನಾನು ಮಾತಿಲ್ಲದೆ ನಿಂತೆ. ಅಜ್ಜಿ ಬೈಯಲಿಲ್ಲ. ರಾಶಿಯಲ್ಲಿ ಕೈಯಾಡಿಸಿ ಬೇರು ಉಳಿದಿದ್ದ ಐದಾರು ಗಿಡಗಳನ್ನು ಆರಿಸಿದರು. ತೆಂಗಿನ ನಾರು ತರಿಸಿ, ನನ್ನನ್ನೇ ಮತ್ತೆ ಮರ ಹತ್ತಿಸಿ, ಕಿತ್ತ ಜಾಗದಲ್ಲೇ ಕಟ್ಟಿಸಿದರು. ಮಳೆ ಬಿಡುವು ಕೊಟ್ಟ ದಿನ ನೀರು ಚಿಮುಕಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಅವುಗಳಲ್ಲಿ ಮೂರು ಬದುಕಿದವು. ಹೂವು ಬಿಡಲು ಮಾತ್ರ ಮೂರು ಮಳೆಗಾಲ ಬೇಕಾದವು. ಅದುವರೆಗೆ ಅಜ್ಜಿಯ ಬುಟ್ಟಿಯಲ್ಲಿ ಆ ಮರದ ದಂಡೆ ಇರಲಿಲ್ಲ. ಪ್ರತಿವರ್ಷ ಜ್ಯೇಷ್ಠ ಬಂದಾಗ ನನಗೆ ಆ ಬುಟ್ಟಿಯನ್ನು ನೋಡಲು ನಾಚಿಕೆಯಾಗುತ್ತಿತ್ತು.

ಇದು ಬಾಲ್ಯದ ಮಾತು. ಇದನ್ನು ನಾನು ಮರೆತೇಬಿಡುತ್ತಿದ್ದೆನೇನೋ. ಆದರೆ 1988ರಲ್ಲಿ ನಡೆದ ಇನ್ನೊಂದು ಸಂಗತಿ ಇದನ್ನು ಮತ್ತೆ ಎಬ್ಬಿಸಿತು. ಆಗ ನಾನು ಪಾಠಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಬಂಧುಗಳ ಮನೆಯ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಕುಳಿತಿದ್ದಾಗ ನಮ್ಮ ಕಡೆಯ ಹಿರಿಯರೊಬ್ಬರು, ನಾಲ್ಕು ಜನ ಕೇಳುವಂತೆ, "ಇವನಿಗೇನಪ್ಪ, ಹುಟ್ಟಿದ್ದೊಂದು ಮನೆ, ಉಂಡದ್ದು ಊರವರ ಅನ್ನ. ಮಠವೆಂಬ ಮರಕ್ಕೆ ಹತ್ತಿದ ಬಂದಳಿಕೆ" ಎಂದರು. ನಗೆಮಾತಾಗಿ ಆಡಿದ್ದೇ ಇರಬಹುದು. ಉಳಿದವರು ನಕ್ಕರು. ನಾನೂ ನಕ್ಕೆ. ಆದರೆ ಅಂದು ಎಲೆಯ ಮೇಲಿನ ಅನ್ನ ಗಂಟಲಿಗೆ ಇಳಿಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಹತ್ತನೆಯ ವಯಸ್ಸಿನಿಂದ ನಾನು ಉಂಡದ್ದು ಭಕ್ತರು ತಂದೊಪ್ಪಿಸಿದ ಅಕ್ಕಿ, ಉಟ್ಟದ್ದು ಭಕ್ತರು ಕೊಟ್ಟ ಬಟ್ಟೆ, ಓದಿದ್ದು ಭಕ್ತರ ಕಾಣಿಕೆಯ ಎಣ್ಣೆಯಲ್ಲಿ ಉರಿದ ದೀಪದ ಕೆಳಗೆ. ಕಾಯಕವನ್ನೇ ಧರ್ಮದ ತಾಯಿಬೇರೆಂದು ಸಾರಿದ ಶರಣರ ಮಾತನ್ನು ಬೋಧಿಸುವ ನಾನೇ ಪರಾವಲಂಬಿಯೆ? ಈ ಪ್ರಶ್ನೆ ಕೆಲವು ವರ್ಷ ನನ್ನನ್ನು ಒಳಗೊಳಗೇ ಕೊರೆಯಿತು.

ಉತ್ತರದ ಮೊದಲ ಎಳೆ ದೊರೆತದ್ದು 1994ರ ಶ್ರಾವಣದಲ್ಲಿ. ಮಠದಲ್ಲಿ ನಡೆಯುತ್ತಿದ್ದ ಪ್ರವಚನಕ್ಕೆ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರು ಬರುತ್ತಿದ್ದರು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದಾಗ ಅವರು ಮಾವಿನ ಮರದ ಮುಂದೆ ನಿಂತರು. ನಾನು ನನ್ನ ಹಳೆಯ ತಪ್ಪನ್ನು ಹೇಳಿದೆ. ಅವರು ನಕ್ಕು, ಜೇಬಿನಿಂದ ಭೂತಗನ್ನಡಿ ತೆಗೆದು ಎರಡು ಬೇರುಗಳನ್ನು ತೋರಿಸಿದರು.

ಮೊದಲನೆಯದು ಬಂದಳಿಕೆಯದು. ಅದು ಕೊಂಬೆಯೊಳಕ್ಕೆ ಹೀರುಬೇರನ್ನು ಇಳಿಸಿ, ಮರ ತನಗಾಗಿ ಮೇಲೇರಿಸಿಕೊಂಡ ನೀರನ್ನೂ ಲವಣಗಳನ್ನೂ ತಾನು ಸೆಳೆದುಕೊಳ್ಳುತ್ತದೆ. ಅದು ಹತ್ತಿದ ಕೊಂಬೆ ತುದಿಯ ಕಡೆ ಸೊರಗುತ್ತದೆ. ಎರಡನೆಯದು ಸೀತಾಳೆ ದಂಡೆಯದು. ಹೆಬ್ಬೆರಳಿಗಿಂತ ತುಸು ಸಣ್ಣದಾದ, ಬೂದುಬಿಳುಪಿನ ಬೇರು. ಅದು ತೊಗಟೆಯ ಮೇಲೆ ಹರಿದಿತ್ತೇ ಹೊರತು ತೊಗಟೆಯೊಳಕ್ಕೆ ಹೊಕ್ಕಿರಲಿಲ್ಲ. ಅದರ ಮೇಲೆ ಒಂದು ಹನಿ ನೀರು ಬಿಟ್ಟರು. ನೋಡನೋಡುತ್ತಿದ್ದಂತೆ ಬಿಳುಪು ಮಾಸಿ ಹಸಿರು ಮೂಡಿತು. ಬೇರಿನ ಹೊರಮೈಗೆ ಸತ್ತ ಕೋಶಗಳ ಸ್ಪಂಜಿನಂತಹ ಒಂದು ಹೊದಿಕೆಯಿದೆಯೆಂದೂ, ಮಳೆಯ ನೀರನ್ನು, ಮಂಜಿನ ಹನಿಯನ್ನು, ತೊಗಟೆಯ ಮೇಲೆ ಹರಿದು ಬರುವ ಕೊಳೆತೆಲೆಯ ಸಾರವನ್ನು ಅದು ಹೀರಿ ಹಿಡಿದುಕೊಳ್ಳುವುದೆಂದೂ ವಿವರಿಸಿದರು. ಒಳಗಿನ ಹಸಿರು ಬೇರೇ ಎಲೆಯಂತೆ ಬಿಸಿಲಿನಿಂದ ಅನ್ನ ತಯಾರಿಸಬಲ್ಲದು. ಮರದಿಂದ ಅದು ಪಡೆಯುವುದು ನಿಲ್ಲಲು ಒಂದಿಷ್ಟು ಎಡೆ, ಬೆಳಕಿಗೆ ಒಂದಿಷ್ಟು ಎತ್ತರ. ಇಂತಹ ಗಿಡಗಳಿಗೆ ಅಪ್ಪುಗಿಡಗಳೆಂದು ಹೆಸರು. ಇಂತಹ ದಪ್ಪ ಎಲೆಯ ಅನೇಕ ಅಪ್ಪುಗಿಡಗಳು ಹಗಲಿನ ಬಿಸಿಗೆ ನೀರು ಆರಿಹೋಗಬಾರದೆಂದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ಸಿಕ್ಕಿದ್ದನ್ನು ಪೋಲು ಮಾಡದ ಬಾಳು ಅದು.

ಅಂದು ಸಂಜೆ ನನಗೆ ನೆನಪಾದವರು ಆಯ್ದಕ್ಕಿ ಮಾರಯ್ಯನವರು, ಲಕ್ಕಮ್ಮನವರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಆ ದಂಪತಿಗಳು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ನಿಂತು ಆಯ್ದದ್ದರಿಂದ ಮಾರಯ್ಯನವರು ಮಹಾಮನೆಗೆ ಹೊರೆಯಾಗಲಿಲ್ಲ. ಉಗ್ರಾಣಕ್ಕೆ ಅವರು ಕೈ ಹಾಕಲಿಲ್ಲ. ಬಿದ್ದದ್ದನ್ನು ಆಯ್ದರು, ಬೇಕಾದಷ್ಟನ್ನೇ ಆಯ್ದರು, ಆಯ್ದದ್ದನ್ನು ಬಡಿಸಿದರು. ಮರದ ಮೇಲೆ ಕುಳಿತು, ಬಿದ್ದ ಮಳೆಯನ್ನೂ ಉದುರಿದ ಎಲೆಯ ಸಾರವನ್ನೂ ಆಯ್ದುಕೊಂಡು ಮೊಳದುದ್ದದ ಹೂದಂಡೆಯನ್ನು ಲೋಕಕ್ಕೆ ಇಳಿಬಿಡುವ ಸೀತಾಳೆ ನನ್ನ ಕಣ್ಣಿಗೆ ಆ ಆಯ್ದಕ್ಕಿಯ ಕಾಯಕವನ್ನೇ ನಡೆಸುತ್ತಿರುವಂತೆ ಕಂಡಿತು.

ಅಂದಿನಿಂದ ನನಗೆ ಈ ಗಿಡಗಳ ಮೇಲೆ ಕುತೂಹಲ ಹೆಚ್ಚಿತು. ಆ ಅಧ್ಯಾಪಕರ ಜೊತೆಯಲ್ಲಿ ಮಠದ ಸುತ್ತಲೇ ಇನ್ನೆರಡು ಬಗೆಯ ಸೀತಾಳೆಗಳನ್ನು ಕಂಡೆ. ಒಂದಕ್ಕೆ ಶಾಸ್ತ್ರದ ಹೆಸರು ಏರಿಡಿಸ್. ಗಾಳಿಯಲ್ಲಿ ಬಾಳುವುದೆಂಬ ಅರ್ಥದಲ್ಲಿ 1790ರಲ್ಲಿ ಇಟ್ಟ ಹೆಸರು ಅದು. ನಮ್ಮ ಘಟ್ಟಗಳಲ್ಲಿ ಅದು ಮರದ ಮೇಲೂ ಬಂಡೆಯ ಮೇಲೂ ಮಳೆಗಾಲದಲ್ಲಿ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಇನ್ನೊಂದು ಪೋರ್ಪಾಕ್ಸ್. ಅದು ಪಾಚಿ ಹಿಡಿದ ಬಂಡೆಗೂ ಮರದ ಕಾಂಡಕ್ಕೂ ಅಂಟಿಕೊಂಡಿರುವ, ಅಂಗಿಯ ಗುಂಡಿಯಷ್ಟು ಚಪ್ಪಟೆಯಾದ ಗಡ್ಡೆಗಳ ಸಾಲು. ಬೇಸಿಗೆಯಲ್ಲಿ ನೋಡಿದರೆ ಬಲೆಯಂತಹ ಒಣ ಪೊರೆ ಹೊದ್ದ ಸತ್ತ ವಸ್ತುವಿನಂತೆ ಇರುತ್ತದೆ. ಮಳೆ ಬಿದ್ದೊಡನೆ ಪ್ರತಿಯೊಂದು ಗುಂಡಿಯಿಂದಲೂ ಎರಡು ಪುಟ್ಟ ಎಲೆ, ನಡುವೆ ಕಂದುಗೆಂಪಿನ ಒಂದೇ ಒಂದು ಹೂ. ಬೇಸಿಗೆಯ ಆ ಬಂಡೆಯ ಮೇಲೆ ನಾವು ಹುಡುಗರು ಎಷ್ಟು ಬಾರಿ ಬಟ್ಟೆ ಒಣಗಿಸಿದ್ದೆವೋ! ಕಾಲ ಕೆಳಗೆ ಒಂದು ಬಾಳು ಮಳೆಗಾಗಿ ಕಾದಿದೆಯೆಂಬುದು ನಮಗೆ ತಿಳಿದಿರಲಿಲ್ಲ.

ನಮ್ಮ ನಾಡಿನ ಈ ಸಂಪತ್ತನ್ನು ಹೊರಗಿನವರು ಬಹಳ ಹಿಂದೆಯೇ ಗುರುತಿಸಿದ್ದರು. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಅಲ್ಲಿನ ವೈದ್ಯರ ನೆರವಿನಿಂದ ಸಿದ್ಧಪಡಿಸಿದ 'ಹೊರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಕೊನೆಯ ಸಂಪುಟದಲ್ಲಿ ಮರದ ಮೇಲಿನ ಈ ಗಿಡಗಳ ಚಿತ್ರಗಳಿವೆ. ಮಲಯಾಳದಲ್ಲಿ ಇವಕ್ಕೆ ಮರವಾಳ, ಎಂದರೆ ಮರದ ಮೇಲಿನ ಬಾಳೆ, ಎಂದು ಹೆಸರು. ಸೀತಾಳೆ ದಂಡೆಯ ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟೂಸ. ಇದರ ಕುಲದಲ್ಲಿ ಇರುವುದೇ ಮೂರು ನಾಲ್ಕು ಜಾತಿಗಳು. ಅವುಗಳಲ್ಲಿ ನಮ್ಮದೇ ಹೆಚ್ಚು ದೂರ ಹರಡಿದ್ದು, ಶ್ರೀಲಂಕಾ, ಭಾರತ, ನೇಪಾಳದಿಂದ ಫಿಲಿಪ್ಪೀನ್ಸಿನವರೆಗೆ ಕಾಣಸಿಗುತ್ತದೆ. ಅಸ್ಸಾಮಿನಲ್ಲಿ ಇದೇ ಹೂವು 'ಕಪೌ ಫೂಲ್' ಎನಿಸಿಕೊಂಡು ರಾಜ್ಯಪುಷ್ಪದ ಪದವಿ ಪಡೆದಿದೆ. ಏಪ್ರಿಲಿನ ಬಿಹು ಹಬ್ಬದಲ್ಲಿ ಅಲ್ಲಿನ ಹೆಣ್ಣುಮಕ್ಕಳು ನಮ್ಮ ಮಲೆನಾಡಿನವರಂತೆಯೇ ಇದನ್ನು ಮುಡಿಯುತ್ತಾರೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಗಣನೆಯಂತೆ ನಮ್ಮ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮರ, ಬಂಡೆಗಳನ್ನು ಆಶ್ರಯಿಸಿದ ಅಪ್ಪುಗಿಡಗಳೇ.

ಆಯ್ದಕ್ಕಿಯ ಹೋಲಿಕೆ ಹೊಳೆದಾಗ ನನ್ನ ಮನಸ್ಸು ಹಗುರವಾಗಿತ್ತು. ಮದುವೆಯ ಪಂಕ್ತಿಯಲ್ಲಿ ನನ್ನನ್ನು ಹೀಗಳೆದ ಹಿರಿಯರಿಗೆ ಉತ್ತರ ಸಿಕ್ಕಿತೆಂದು ಒಳಗೇ ಹಿಗ್ಗಿದ್ದೆ. ನಾನು ಬಂದಳಿಕೆಯಲ್ಲ, ಸೀತಾಳೆ! ಆದರೆ ಇದನ್ನು ನಾನು ಆ ಅಧ್ಯಾಪಕರಿಗೆ ಸಂತೋಷದಿಂದ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಶಾಸ್ತ್ರಿಗಳೇ, ಅಷ್ಟಕ್ಕೇ ನಿಲ್ಲಬೇಡಿ. ಅದರ ಬೀಜದ ಕಥೆಯನ್ನೂ ಕೇಳಿ" ಎಂದರು.

ಸೀತಾಳೆಯ ಒಂದು ಕಾಯಿಯಲ್ಲಿ ಸಹಸ್ರಾರು ಬೀಜಗಳಿರುತ್ತವೆ. ಅವು ಬೀಜಗಳೆನ್ನುವುದಕ್ಕಿಂತ ಧೂಳು. ಗಾಳಿಗೆ ಹಾರಿ ದೂರದ ಮರಗಳಿಗೆ ತಲುಪುವುದಕ್ಕಾಗಿ ಅವು ಅಷ್ಟು ಹಗುರ. ಅಷ್ಟು ಹಗುರವಾಗಿರುವುದರಿಂದಲೇ ಅವುಗಳಲ್ಲಿ ಬುತ್ತಿಯಿಲ್ಲ. ಭತ್ತದ ಕಾಳಿನಲ್ಲಿ, ಕಡಲೆಯಲ್ಲಿ ಮೊಳಕೆಗೆಂದು ತಾಯಿಗಿಡ ಕಟ್ಟಿಕೊಟ್ಟ ಆಹಾರವಿರುತ್ತದೆ. ಇದರಲ್ಲಿ ಅದು ಇಲ್ಲವೆಂದೇ ಹೇಳಬೇಕು. ತೊಗಟೆಯ ಬಿರುಕಿನಲ್ಲಿ ಬಿದ್ದ ಬೀಜ ತಾನಾಗಿ ಬದುಕಲಾರದು. ಅಲ್ಲಿ ಕೊಳೆತುದನ್ನು ತಿಂದು ಬಾಳುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಬಗೆಯ ಬೂಷ್ಟು ಇರುತ್ತದೆ. ಅದರ ಎಳೆ ಬೀಜದೊಳಕ್ಕೆ ಹೊಕ್ಕು ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯನ್ನೇ ಜೀರ್ಣಿಸಿಕೊಂಡು ಬೀಜ ಬೆಳೆಯುತ್ತದೆ. ಎಲೆ ಹಸಿರಾಗುವವರೆಗೆ ಅದಕ್ಕೆ ಅನ್ನ ಕೊಡುವುದು ಆ ಬೂಷ್ಟೇ. ಸರಿಯಾದ ಬೂಷ್ಟು ದೊರೆಯದ ಬೀಜಗಳೆಲ್ಲ ಹಾಳು. ಈ ರಹಸ್ಯವನ್ನು 1899ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ನೊಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಬೂಷ್ಟಿಲ್ಲದೆಯೇ ಸಕ್ಕರೆ ಬೆರೆತ ಪಾಕದಲ್ಲಿ ಈ ಬೀಜಗಳನ್ನು ಮೊಳೆಯಿಸಿ ತೋರಿಸಿದರು. ಆ ಎಳೆಯ ಜೀವಕ್ಕೆ ಯಾರಾದರೂ ಉಣಿಸಲೇಬೇಕೆಂಬುದು ಅದರಿಂದ ಇನ್ನೂ ಸ್ಪಷ್ಟವಾಯಿತು.

ಈ ಮಾತು ಕೇಳಿ ನನ್ನ ಹಿಗ್ಗು ಇಳಿಯಿತು. ಮರದ ಋಣವಿಲ್ಲದೆ ಬಾಳುತ್ತಿದೆಯೆಂದು ನಾನು ಕೊಂಡಾಡಿದ ಗಿಡ, ಹುಟ್ಟುವಾಗಲೇ ಹೆಸರೂ ಇಲ್ಲದ ಒಂದು ಜೀವದ ಅನ್ನ ಉಂಡು ಎದ್ದದ್ದು! ಅದೂ ಬಿದ್ದದ್ದನ್ನು ಆಯ್ದದ್ದಲ್ಲ. ಜೀವವನ್ನೇ ಕರಗಿಸಿಕೊಂಡು ಉಂಡದ್ದು. ಬಂದಳಿಕೆಯ ಕಥೆಯೂ ನಾನೆಣಿಸಿದಷ್ಟು ಸರಳವಾಗಿಲ್ಲ. ಅದೂ ತನ್ನ ಹಸಿರೆಲೆಯಲ್ಲಿ ಅನ್ನ ಬೇಯಿಸಿಕೊಳ್ಳುತ್ತದೆ. ಅದರ ಹೂವಿನ ಮಧುವನ್ನೂ ಹಣ್ಣನ್ನೂ ನಂಬಿ ಬಾಳುವ ಪುಟ್ಟ ಹಕ್ಕಿಯೊಂದಿದೆ. ಅದಕ್ಕೆ ಬದನಿಕೆ ಹಕ್ಕಿಯೆಂದೇ ಹೆಸರು. ಇತ್ತ ಪ್ರಪಂಚದ ಆರ್ಕಿಡ್‌ಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು, ಬಂದ ಕೀಟಕ್ಕೆ ಮಧು ಕೊಡದೆ ಬಣ್ಣ ವಾಸನೆಗಳಿಂದಲೇ ಮರುಳು ಮಾಡಿ ತಮ್ಮ ಕೆಲಸ ಸಾಧಿಸಿಕೊಳ್ಳುತ್ತವೆ. ಗಿಡಗಳಿಗೆ ಶರಣರ ಪಟ್ಟವನ್ನೋ ಪಾಪಿಯ ಪಟ್ಟವನ್ನೋ ಕಟ್ಟಲು ಹೊರಡುವುದು ನಮ್ಮ ಅವಸರ.

ಹಲವು ದಿನ ಚಿಂತಿಸಿದ ಮೇಲೆ ನನಗೆ ತೋರಿದ್ದು ಇಷ್ಟು. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಪರರ ಅನ್ನ ಉಂಡೆನೋ ಇಲ್ಲವೋ ಎಂದು ಕೇಳಿಕೊಳ್ಳುತ್ತಿದ್ದೆ. ಪರರ ಅನ್ನ ಉಣ್ಣದೆ ಎದ್ದುನಿಂತ ಜೀವ ಯಾವುದೂ ಇಲ್ಲ. ತಾಯ ಎದೆಹಾಲಿನಿಂದ ಮೊದಲುಗೊಂಡು ಎಲ್ಲರ ಬಾಳೂ ದಾಸೋಹದಲ್ಲಿಯೇ ಆರಂಭವಾಗುತ್ತದೆ. ಕಾಯಕ ಆಮೇಲೆ ಬರುತ್ತದೆ. ಕೇಳಿಕೊಳ್ಳಬೇಕಾದದ್ದು ಬೇರೆ: ಎಲೆ ಹಸಿರಾದ ಮೇಲೆ ನಾನೇನು ಮಾಡಿದೆ? ಉಣಿಸಿದ ಕೊಂಬೆಯನ್ನು ಸೊರಗಿಸಿದೆನೆ, ಅಥವಾ ಇದ್ದಷ್ಟರಲ್ಲಿ ನನ್ನ ಅನ್ನವನ್ನು ನಾನೇ ಬೇಯಿಸಿಕೊಂಡು, ಒಂದು ಹೂವನ್ನಾದರೂ ಇಳಿಬಿಟ್ಟೆನೆ? ನನ್ನನ್ನು ಬಂದಳಿಕೆಯೆಂದ ಹಿರಿಯರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆ ಮಾತು ಪ್ರತಿದಿನ ಪಾಠಕ್ಕೆ ಕುಳಿತುಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿ ನನ್ನಲ್ಲಿ ಉಳಿದಿದೆ. ಅದಕ್ಕೆ ಉತ್ತರ ಕೆಲವು ದಿನ ಹೌದೆಂದು ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಇನ್ನು ಶರಣಬಂಧುಗಳಲ್ಲಿ, ಅದರಲ್ಲೂ ತೋಟ ಹಿತ್ತಿಲುಗಳುಳ್ಳ ಮನೆಗಳವರಲ್ಲಿ, ನನ್ನದೊಂದು ಬಿನ್ನಹ. ಬಂದಳಿಕೆ ತೆಗೆಯುವಾಗ ಬೇರು ಕೊಂಬೆಯೊಳಕ್ಕೆ ಹೊಕ್ಕಿದೆಯೋ, ತೊಗಟೆಯ ಮೇಲಷ್ಟೇ ಹರಿದಿದೆಯೋ ಎಂಬುದನ್ನು ಮೊದಲು ನೋಡಿ. ಹೊಕ್ಕಿರದಿದ್ದರೆ ಅದನ್ನು ಮುಟ್ಟಬೇಡಿ. ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವಾಗ ಕೆಳಗೆ ಬಿದ್ದ ಸೀತಾಳೆಯನ್ನು ಒಲೆಗೆ ಹಾಕದೆ ಉಳಿದ ಮರಕ್ಕೆ ನಾರಿನಿಂದ ಕಟ್ಟಿ. ಮುಡಿಯಲು ದಂಡೆ ಬೇಕಾದರೆ ದಂಡೆಯನ್ನಷ್ಟೇ ಕೊಯ್ದುಕೊಳ್ಳಿ, ಗಿಡವನ್ನು ಕೀಳಬೇಡಿ, ಬೀಜಕ್ಕೆಂದು ಕೆಲವು ದಂಡೆಗಳನ್ನು ಮರದಲ್ಲೇ ಬಿಡಿ. ಕಾಡಿನಿಂದ ಕಿತ್ತು ತಂದ ಗಿಡಗಳನ್ನು ಹಣ ಕೊಟ್ಟು ಕೊಳ್ಳಬೇಡಿ. ನಮ್ಮ ಮನೆಯ ಜಗುಲಿಗೆ ಬಂದ ಗಿಡ ಬದುಕೀತು. ಆದರೆ ಅದರ ಬೀಜಕ್ಕೆ ಅನ್ನವಿಡುವ ಆ ಕಾಣದ ಬೂಷ್ಟು ಹಳೆಯ ಮರದ ತೊಗಟೆಯಲ್ಲಿದೆ, ನಮ್ಮ ಕುಂಡದಲ್ಲಿಲ್ಲ. ಹಳೆಯ ಮರವೊಂದು ಉರುಳಿದರೆ ಇಂತಹ ಎಷ್ಟೋ ಜೀವಗಳ ಮಹಾಮನೆಯೇ ಉರುಳಿದಂತೆ.

2019ರ ಆಗಸ್ಟಿನಲ್ಲಿ ನಾಡಿನ ಬಹುಭಾಗದಲ್ಲಿ ಸುರಿದ ಮಹಾಮಳೆಯಲ್ಲಿ ನಮ್ಮ ಶಾಖಾಮಠದ ಮಾವಿನ ಮರ ಬುಡಸಹಿತ ಬಿತ್ತು. ಸುದ್ದಿ ತಿಳಿದು ನಾನು ಹೋದೆ. ಹೂವಿನ ಅಜ್ಜಿ ಲಿಂಗೈಕ್ಯರಾಗಿ ಆಗಲೇ ಮೂರು ದಶಕಗಳು ಕಳೆದಿದ್ದವು. ಉರುಳಿದ ಕೊಂಬೆಗಳ ಮೇಲೆ ಸೀತಾಳೆಯ ಹಿಂಡಿಲುಗಳು ಮಣ್ಣಿನಲ್ಲಿ ಮುಖ ಹುದುಗಿಸಿಕೊಂಡಿದ್ದವು. ಕಟ್ಟಿಗೆ ಒಡೆಯುವವರು ಬರುವುದರೊಳಗೆ ಪಾಠಶಾಲೆಯ ಮಕ್ಕಳನ್ನು ಕರೆದುಕೊಂಡು ಅವನ್ನೆಲ್ಲ ಬಿಡಿಸಿದೆ. ತೆಂಗಿನ ನಾರು ತರಿಸಿ ಬೇಲಿಯ ಬಳಿಯ ಹಲಸಿನ ಮರಕ್ಕೆ ಕಟ್ಟಿಸಿದೆ. ನನಗೆ ಮರ ಹತ್ತುವ ವಯಸ್ಸಲ್ಲ; ಕೆಳಗೆ ನಿಂತು ಹೇಳಿದೆ, ಅವರು ಕಟ್ಟಿದರು.

ಮೇಲಿದ್ದ ಒಬ್ಬ ವಟು ಕೂಗಿ ಕೇಳಿದ: "ಗುರುಗಳೇ, ಇದು ಬಂದಳಿಕೆ ಅಲ್ಲವಾ?"

"ಅಲ್ಲ ಮರಿ, ಇದು ಮರದ ಮೇಲೆ ಕೂತು ಮಳೆ ಕುಡಿಯುತ್ತದೆ" ಎಂದೆ. ಆ ಮಾತು ನನ್ನದಲ್ಲವೆಂದು ನನಗೆ ಮಾತ್ರ ಗೊತ್ತಿತ್ತು.

2022ರ ಜ್ಯೇಷ್ಠದಲ್ಲಿ ಆ ಹಲಸಿನ ಮರದಲ್ಲಿ ಎರಡು ದಂಡೆಗಳು ಇಳಿಬಿದ್ದವೆಂದು ಮಠದಿಂದ ಸುದ್ದಿ ಬಂತು. ಒಂದನ್ನು ಕೊಯ್ದು ಪೂಜೆಗೆ ಏರಿಸಿದರಂತೆ. ಇನ್ನೊಂದನ್ನು ಬೀಜಕ್ಕೆಂದು ಮರದಲ್ಲೇ ಬಿಟ್ಟರಂತೆ.